ಗಡಿನಾಡಿನ ಗ್ರೂಪಿನಲ್ಲಿ ವಾದ ಮಾಡುವುದು ಹೇಗೆ?

ಕಾಸರಗೋಡಿನ ಯಾವುದೇ ಕನ್ನಡ ವಾಟ್ಸ್ಯಾಪ್ ಗ್ರೂಪು ನೋಡಿ. ಚರ್ಚೆ ಶುರುವಾಗುವುದು ಪೆಟ್ರೋಲ್ ರೇಟಿನಿಂದ, ಅಡಿಕೆ ಧಾರಣೆಯಿಂದ, ಹೊಸ ಸಿನಿಮಾದ ಹಾಡಿನಿಂದ. ಸ್ವಲ್ಪ ಹೊತ್ತಿನಲ್ಲೇ ಅದು ಕೇರಳವೋ ಕರ್ನಾಟಕವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮತ್ತೂ ಮುಂದೆ ಹೋದರೆ ಯಾರಾದರೊಬ್ಬರು ಗ್ರೂಪಿನಿಂದ ಹೊರಗೆ ಹೋಗುತ್ತಾರೆ. ಮರುವಾರ ಅದೇ ಇಬ್ಬರು ಮದುವೆ ಊಟದ ಹಂತಿಯಲ್ಲೋ, ಸೊಸೈಟಿಯ ಮಹಾಸಭೆಯಲ್ಲೋ ಎದುರಾಗಿ ಮುಖ ತಿರುಗಿಸುತ್ತಾರೆ. ಪೆಟ್ರೋಲ್ ರೇಟು ಯಾಕೆ ಹಾಗಿದೆ ಅಂತ ಮಾತ್ರ ಇಬ್ಬರಿಗೂ ಗೊತ್ತಾಗಿರುವುದಿಲ್ಲ.

ನನಗೆ ಬೇಸರವಾಗುವುದು ಇದಕ್ಕೇ. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ನಮಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಉಂಟು. ತಿರುವನಂತಪುರದ ಬಜೆಟ್ಟೂ ನಮಗೆ ತಟ್ಟುತ್ತದೆ, ಬೆಂಗಳೂರಿನದ್ದೂ ತಟ್ಟುತ್ತದೆ. ರೇಷನ್ ಕಾರ್ಡು ಕೇರಳದ್ದು, ಆಸ್ಪತ್ರೆಗೆ ಹೋಗುವುದು ಮಂಗಳೂರಿಗೆ. ಕನ್ನಡ, ಮಲಯಾಳ ಎರಡೂ ಪೇಪರ್ ಓದಬಲ್ಲವರು ಬಂಧುಬಳಗದಲ್ಲಿ ಒಬ್ಬರಾದರೂ ಇರುತ್ತಾರೆ. ಎರಡೂ ಕಡೆಯ ಲೆಕ್ಕ ನೋಡಿ ಮಾತಾಡಬಹುದಾದ ನಾವೇ ಒಂದು ಕಡೆ ನಿಂತು ಕೂಗಿದರೆ ಹೇಗೆ? ವಾದವೇ ಬೇಡ ಅಂತ ನಾನು ಹೇಳುವುದಿಲ್ಲ. ವಾದ ಬೇಕು. ಅದು ರಾಜ್ಯಗಳ ಜಗಳಕ್ಕೆ ಜಾರದೆ ವಿಷಯದ ಮೇಲೆ ನಿಲ್ಲಬೇಕು. ಅದಕ್ಕೆ ನಾನು ಹಿಡಿಯುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

1. ಉತ್ತರ ಕೊಡುವ ಮೊದಲು ಪ್ರಶ್ನೆ ಯಾವುದು ಅಂತ ನೋಡಿ

"ಕೇರಳದಲ್ಲಿ ಎಲ್ಲವೂ ದುಬಾರಿ" ಅಂತ ಒಬ್ಬರು ಹಾಕುತ್ತಾರೆ. ಇದಕ್ಕೆ ಹೌದು ಎಂದರೂ ಜಗಳ, ಅಲ್ಲ ಎಂದರೂ ಜಗಳ. "ಎಲ್ಲವೂ" ಅಂದದ್ದನ್ನು ಯಾರೂ ಲೆಕ್ಕ ಹಾಕಿ ತೋರಿಸಲಾರರು. ಹಾಗಾಗಿ ಮೊದಲು ಕೇಳಿ: "ಅಣ್ಣ, ನೀವು ಹೇಳುವುದು ಪೆಟ್ರೋಲಿನ ಬಗ್ಗೆಯಾ?" ಅವರು ಹೌದು ಎಂದರೆ ಅರ್ಧ ಕೆಲಸ ಆದಂತೆ. ಈಗ ಕೈಯಲ್ಲಿರುವುದು ಲೆಕ್ಕಕ್ಕೆ ಸಿಗುವ ಪ್ರಶ್ನೆ.

ಪೆಟ್ರೋಲು, ಡೀಸೆಲು ಜಿಎಸ್‌ಟಿಯೊಳಗೆ ಇಲ್ಲ. ಕೇಂದ್ರದ ಸುಂಕ ಎರಡೂ ಕಡೆ ಒಂದೇ. ವ್ಯತ್ಯಾಸ ಬರುವುದು ಮುಖ್ಯವಾಗಿ ರಾಜ್ಯದ ತೆರಿಗೆಯಿಂದ. ಕೇರಳ ಸರಕಾರ 2023ರ ಏಪ್ರಿಲ್ 1ರಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿತು. ಕರ್ನಾಟಕ ಸರಕಾರ 2024ರ ಜೂನಿನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿತು. ಅಲ್ಲಿ ರೇಟು ಸುಮಾರು 3 ರೂಪಾಯಿ ಜಾಸ್ತಿಯಾಯಿತು. ಅಂದರೆ 2023ರ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಇವತ್ತು ಎರಡು ರಾಜ್ಯ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

"ಹಾಗಾದರೆ ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಹಾಕಿಸಿದರೆ ಲಾಭವೇ ಅಲ್ವಾ?" ಎಂಬುದು ಬೇರೆಯೇ ಪ್ರಶ್ನೆ. ಇದನ್ನು ಹಿಂದಿನದರ ಜೊತೆ ಬೆರೆಸಬೇಡಿ. ಲೀಟರಿಗೆ 4 ರೂಪಾಯಿ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಸ್ಕೂಟರಿಗೆ 5 ಲೀಟರ್ ಹಾಕಿಸಿದರೆ ಉಳಿಯುವುದು 20 ರೂಪಾಯಿ. ಹೋಗಿ ಬರಲು 20 ಕಿಲೋಮೀಟರ್ ಆದರೆ, 50 ಮೈಲೇಜ್ ಕೊಡುವ ಗಾಡಿಗೂ 400 ಎಂಎಲ್ ಪೆಟ್ರೋಲ್ ಬೇಕು. ಅದಕ್ಕೇ ಸುಮಾರು 40 ರೂಪಾಯಿ ಹೋಯಿತು. ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಲಾಭ, ಅದಕ್ಕೆಂದೇ ಗಾಡಿ ಹೊರಡಿಸುವವರಿಗೆ ನಷ್ಟ. ಈ ಉತ್ತರದಲ್ಲಿ ಯಾವ ರಾಜ್ಯವೂ ಗೆಲ್ಲಲಿಲ್ಲ, ಸೋಲಲೂ ಇಲ್ಲ. ಆದರೆ ಓದಿದವರಿಗೆ ಉಪಯೋಗ ಆಯಿತು.

2. ಇಬ್ಬರೂ ಸರಿ ಇರಬಹುದೇ ಅಂತ ಪರೀಕ್ಷಿಸಿ

ಒಬ್ಬರು "ಕೇರಳದಲ್ಲಿ ಬಡತನವೇ ಇಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಕೆಲಸ ಎಲ್ಲುಂಟು? ಮಕ್ಕಳೆಲ್ಲ ಬೆಂಗಳೂರು, ಗಲ್ಫ್ ಅಂತ ಹೋಗುವುದು ಯಾಕೆ?" ಅನ್ನುತ್ತಾರೆ. ನೀತಿ ಆಯೋಗ 2023ರಲ್ಲಿ ಹೊರತಂದ ಬಹು ಆಯಾಮದ ಬಡತನದ ವರದಿಯಲ್ಲಿ ಕೇರಳದ ಪ್ರಮಾಣ ಶೇ. 0.55. ದೇಶದಲ್ಲೇ ಕಡಿಮೆ. ಕೇಂದ್ರದ ಕಾರ್ಮಿಕ ಸಮೀಕ್ಷೆಗಳಲ್ಲಿ ಯುವಜನರ ನಿರುದ್ಯೋಗ ಜಾಸ್ತಿ ಇರುವ ರಾಜ್ಯಗಳ ಸಾಲಿನಲ್ಲೂ ಕೇರಳವೇ ಕಾಣಿಸುತ್ತದೆ. ಎರಡೂ ಒಟ್ಟಿಗೆ ನಿಜ. ಒಂದು ಲೆಕ್ಕ ಮನೆಯಲ್ಲಿ ಏನೇನು ಇದೆ ಎಂಬುದನ್ನು ಅಳೆಯುತ್ತದೆ, ಇನ್ನೊಂದು ಕೆಲಸ ಹುಡುಕುವವರಿಗೆ ಕೆಲಸ ಸಿಕ್ಕಿತೇ ಎಂಬುದನ್ನು.

ಕೂಲಿಯ ಮಾತೂ ಹಾಗೆಯೇ. ರಿಸರ್ವ್ ಬ್ಯಾಂಕಿನ ರಾಜ್ಯಗಳ ಕೈಪಿಡಿ ನೋಡಿದರೆ ಹಳ್ಳಿಯ ಕೃಷಿ ಕೂಲಿ ಕೇರಳದಲ್ಲಿ ದೇಶದ ಸರಾಸರಿಗಿಂತ ತುಂಬಾ ಮೇಲೆ ಇದೆ. ಕೆಲಸಗಾರರ ಕಡೆಯಿಂದ ನೋಡಿದರೆ ಇದು ಹೆಮ್ಮೆಯ ಸಂಗತಿ. ಸಣ್ಣ ತೋಟದವರ ಕಡೆಯಿಂದ ನೋಡಿದರೆ ಅಡಿಕೆ ಕೊಯ್ಯಿಸುವ ಖರ್ಚಿನ ಚಿಂತೆ. ಗ್ರೂಪಿನಲ್ಲಿ ಇಬ್ಬರೂ ಇರುತ್ತಾರೆ. ಯಾರು ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಅಂತ ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

"ಹಣದುಬ್ಬರ ಇಳಿದಿದೆ ಅಂತ ಟಿವಿಯಲ್ಲಿ ಹೇಳಿದರು, ತೆಂಗಿನೆಣ್ಣೆ ರೇಟು ಎಲ್ಲಿ ಇಳಿಯಿತು?" ಅಂತಲೂ ಕೇಳುತ್ತಾರೆ. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ, ಬೆಲೆ ಏರುವ ವೇಗ ಕಡಿಮೆಯಾಯಿತು ಅಂತ. ಅದೂ ಎಲ್ಲ ಸಾಮಾನುಗಳ ಸರಾಸರಿ. ಇದನ್ನು ಒಮ್ಮೆ ಸಮಾಧಾನದಲ್ಲಿ ಬಿಡಿಸಿ ಹೇಳಿದರೆ ಎಷ್ಟೋ ವಾದ ಅಲ್ಲಿಗೇ ಮುಗಿಯುತ್ತದೆ.

3. ಅಡಿಕೆ ವಿಷಯ ಬಂದರೆ: ಯಾವ ಅಡಿಕೆ, ಯಾವ ತೂಕ, ಎಷ್ಟರಲ್ಲಿ ಎಷ್ಟು?

ನಮ್ಮ ಕಡೆ ಅತಿ ಜಾಸ್ತಿ ವಾದ ಆಗುವುದು ಇದರ ಮೇಲೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಶಿವಮೊಗ್ಗದ ಮಾರುಕಟ್ಟೆಯ ಪಟ್ಟಿ ಗ್ರೂಪಿಗೆ ಬರುತ್ತದೆ. "ನೋಡಿ, ಅಲ್ಲಿ ಎಷ್ಟು ಕೊಡುತ್ತಾರೆ, ನಮಗೆ ಮಾತ್ರ ಮೋಸ" ಅಂತ ಕೆಳಗೆ ಬರಹ. ಅಲ್ಲಿಯದು ಕ್ವಿಂಟಾಲಿನ ರೇಟು, ನಾವು ಮಾತಾಡುವುದು ಕಿಲೋದಲ್ಲಿ. ಇದು ಸಣ್ಣ ತಪ್ಪು, ಬೇಗ ತಿದ್ದಬಹುದು. ದೊಡ್ಡ ತಪ್ಪು ಬೇರೆ. ಅಲ್ಲಿ ರಾಶಿ, ಬೆಟ್ಟೆ ಅಂತ ಬರುವುದು ಕೆಂಪಡಿಕೆ. ಎಳೆ ಕಾಯಿ ಸುಲಿದು, ಬೇಯಿಸಿ, ಒಣಗಿಸಿದ್ದು. ನಮ್ಮದು ಚಾಲಿ. ಹಣ್ಣಡಿಕೆಯನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿ ಒಣಗಿಸಿ ಆಮೇಲೆ ಸುಲಿದದ್ದು. ಮಾಡುವ ರೀತಿ ಬೇರೆ, ಖರ್ಚು ಬೇರೆ, ಕೊಳ್ಳುವವರೂ ಬೇರೆ. ಚಾಲಿಯಲ್ಲೇ ಹೊಸತು, ಹಳತು, ಪಟೋರ, ಕರಿಗೋಟು ಅಂತ ಬೇರೆ ಬೇರೆ ರೇಟು. ಹಾಗಾಗಿ ರೇಟಿನ ಯಾವ ಪೋಸ್ಟಿಗೂ ಮೊದಲ ಉತ್ತರ ಹೀಗಿರಲಿ: "ಇದು ಯಾವ ಅಡಿಕೆ, ಎಷ್ಟು ತೂಕಕ್ಕೆ, ಯಾವ ದಿನದ್ದು?" ಕ್ಯಾಂಪ್ಕೋದ ಆ ದಿನದ ದರವನ್ನು ಪಕ್ಕದಲ್ಲಿಟ್ಟು ನೋಡಿ. 1973ರಲ್ಲಿ ಎರಡೂ ರಾಜ್ಯದ ಬೆಳೆಗಾರರು ಸೇರಿ ಕಟ್ಟಿದ ಸಂಸ್ಥೆ ಅದು. ಗಡಿಯ ಎರಡೂ ಕಡೆಯವರು ಒಪ್ಪುವ ಒಂದು ಅಳತೆ ನಮಗೆ ಅಲ್ಲಿ ಸಿಗುತ್ತದೆ.

ಆಮದಿನ ವಾದ ಇನ್ನೂ ಬಿಸಿ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಕೆಲವರು ಇದನ್ನು "ಆಮದು ಬಂದ್" ಅಂತ ಹಂಚಿದರು. ಬಂದ್ ಆಗಿಲ್ಲ. ಆ ಬೆಲೆಗಿಂತ ಕಡಿಮೆಗೆ ತರಿಸಬಾರದು ಅಂತ ಅಷ್ಟೆ. ಕಳ್ಳದಾರಿಯಲ್ಲಿ ಬರುವುದಕ್ಕೆ ಈ ನಿಯಮ ತಡೆಯೂ ಅಲ್ಲ.

ಅದಕ್ಕೂ ಮೊದಲು, 2022ರಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಕೇಂದ್ರ ಒಪ್ಪಿಗೆ ಕೊಟ್ಟಿತು. 17,000 ಟನ್ ಅಂತ ಓದಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ದೊಡ್ಡ ಸಂಖ್ಯೆ ಕಂಡಾಗ ಅದರ ಪಕ್ಕ ಇನ್ನೊಂದು ಸಂಖ್ಯೆ ಇಡಿ. ದೇಶದಲ್ಲಿ ವರ್ಷಕ್ಕೆ ಬೆಳೆಯುವ ಅಡಿಕೆ 10 ಲಕ್ಷ ಟನ್ನಿಗೂ ಜಾಸ್ತಿ. ನೂರರಲ್ಲಿ ಎರಡು ಪಾಲೂ ಆಗಲಿಲ್ಲ. ಅದೂ ಹಸಿಯದ್ದು. ಒಣಗಿಸಿ ಸುಲಿದರೆ ತೂಕ ಎಷ್ಟು ಇಳಿಯುತ್ತದೆ ಅಂತ ಅಂಗಳದಲ್ಲಿ ಅಡಿಕೆ ಹರಡಿದವರಿಗೆ ನಾನು ಹೇಳಬೇಕಾಗಿಲ್ಲ. ಹಾಗಂತ ಬೆಳೆಗಾರರ ಭಯ ಸುಳ್ಳು ಅಂತ ಬರೆಯಬೇಡಿ. ಒಂದು ದೇಶಕ್ಕೆ ಬಾಗಿಲು ತೆರೆದರೆ ಅದೇ ಬಾಗಿಲಲ್ಲಿ ಬೇರೆ ದೇಶದ ಮಾಲು ನುಸುಳಬಹುದು ಎಂಬ ಆತಂಕಕ್ಕೆ ಅರ್ಥ ಉಂಟು. "ಪ್ರಮಾಣ ಸಣ್ಣದು, ಆದರೆ ದಾರಿಯ ಬಗ್ಗೆ ನಿಗಾ ಬೇಕು" ಅಂತ ಬರೆದರೆ ಎರಡೂ ಮಾತಿಗೆ ನ್ಯಾಯ ಸಿಗುತ್ತದೆ.

4. ಫಾರ್ವರ್ಡಿನ ಬೇರು ಹುಡುಕಿ

ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಈಗಾಗಲೇ ತುಂಬಾ ಕೈ ದಾಟಿ ಬಂದದ್ದು. ಕಳಿಸಿದವರು ಬರೆದದ್ದಲ್ಲ. ಅವರ ಮೇಲೆ ಹರಿಹಾಯಬೇಡಿ.

2023ರ ಮಾರ್ಚಿನಲ್ಲಿ "ಇನ್ನು ಯುಪಿಐಗೆ ಶೇ. 1.1 ಶುಲ್ಕ" ಅಂತ ಸುದ್ದಿ ಹಬ್ಬಿತು. ಅಂಗಡಿಯವರಿಗೆ ಗಾಬರಿ. ಬೇರು ನೋಡಿದರೆ ವಿಷಯ ಬೇರೆ: ವಾಲೆಟ್‌ನಂಥ ಪ್ರೀಪೇಯ್ಡ್ ಖಾತೆಯಿಂದ ಅಂಗಡಿಗೆ 2,000 ರೂಪಾಯಿಗಿಂತ ಜಾಸ್ತಿ ಹೋದಾಗ ಸಂಸ್ಥೆಗಳ ನಡುವೆ ಕೊಡುಕೊಳ್ಳುವ ಶುಲ್ಕ ಅದು. ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗುವ ಮಾಮೂಲಿ ಯುಪಿಐ ಉಚಿತ ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಸ್ಪಷ್ಟಪಡಿಸಿತು. ಸುತ್ತೋಲೆಯಲ್ಲಿದ್ದ ಸಂಖ್ಯೆ ನಿಜ, ಸುದ್ದಿಯಲ್ಲಿ ಅದಕ್ಕೆ ಕೊಟ್ಟ ಅರ್ಥ ಸುಳ್ಳು. ಇಂಥವೇ ಜಾಸ್ತಿ ಬರುವುದು.

ನೀವು ನೋಡಬೇಕಾದ್ದು ಮೂಲ ಸುತ್ತೋಲೆ, ಇಲಾಖೆಯ ವೆಬ್‌ಸೈಟು, ಕೇಂದ್ರ ಸರಕಾರದ ಸುದ್ದಿ ವಿಭಾಗ ಪಿಐಬಿಯ ಫ್ಯಾಕ್ಟ್‌ಚೆಕ್ ಪುಟ. ಫೋಟೋ ಆದರೆ ಗೂಗಲ್ ಲೆನ್ಸ್. ರೋಗ, ತಳಿ, ಗೊಬ್ಬರದ ಮಾತಾದರೆ ನಮ್ಮ ಊರಲ್ಲೇ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಉಂಟು. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಜಾಗ. ಅಡಿಕೆಗೆ ವಿಟ್ಲದಲ್ಲಿ ಅದರದ್ದೇ ಕೇಂದ್ರ ಇದೆ. ಇಷ್ಟು ಹತ್ತಿರ ಇಟ್ಟುಕೊಂಡು, ಹಳದಿ ರೋಗಕ್ಕೆ ಯಾರದೋ ರೀಲ್ಸ್ ನೋಡಿ ಮದ್ದು ಹೇಳುವುದು ಸರಿಯಲ್ಲ. ಅದನ್ನು ನಂಬಿ ತೋಟಕ್ಕೆ ಹೊಡೆಯುವವರು ಇರುತ್ತಾರೆ.

5. ನಮಗೂ ಅವರಿಗೂ ಒಂದೇ ಅಳತೆಗೋಲು

ಇದು ಕಷ್ಟದ ಹೆಜ್ಜೆ. ನಮ್ಮ ಜಿಲ್ಲೆಯವರಿಗೆ ಇನ್ನೂ ಕಷ್ಟ.

ಮೊಬೈಲ್ ಟವರ್ ಬರುತ್ತದೆ ಎಂದಾಗ ಒಂದು ಮೆಸೇಜ್ ಓಡಾಡುತ್ತದೆ: "ಟವರಿನ ತರಂಗದಿಂದ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ." ಇದರ ಬೇರು ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಐಎಆರ್‌ಸಿ. ಅದು 2011ರಲ್ಲಿ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿತು. 2ಬಿ ಅಂದರೆ "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಗಟ್ಟಿಯಿಲ್ಲ" ಎಂಬಷ್ಟು. ಅದೇ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನು 1ನೇ ಗುಂಪಿಗೆ ಸೇರಿಸಿದೆ. ಆ ಗುಂಪಿಗೆ ಹಾಕುವುದು ಪುರಾವೆ ಸಾಕಷ್ಟಿದ್ದರೆ ಮಾತ್ರ. ಟವರ್ ವಿಷಯದಲ್ಲಿ ಆ ಸಂಸ್ಥೆಯನ್ನು ತಲೆ ಮೇಲೆ ಹೊತ್ತುಕೊಂಡು, ಅಡಿಕೆ ವಿಷಯ ಬಂದ ಕೂಡಲೇ "ಅದು ವಿದೇಶಿ ಕಂಪೆನಿಗಳ ಸಂಚು" ಅಂದರೆ ಎದುರಿನವರು ನಮ್ಮನ್ನು ಯಾಕೆ ನಂಬಬೇಕು?

ನಾನೂ ಅಡಿಕೆಯ ದುಡ್ಡಿನಲ್ಲೇ ಬೆಳೆದವನು. ಬರೆಯುವಾಗ ಸುಲಭ ಆಗಲಿಲ್ಲ. ಆದರೆ ಸರಿಯಾಗಿ ಓದಿದರೆ ಬೆಳೆಗಾರರು ಹೇಳಬಹುದಾದ ನ್ಯಾಯದ ಮಾತೂ ಅಲ್ಲೇ ಸಿಗುತ್ತದೆ. ಆ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಬಿಸಿಲೂ 1ನೇ ಗುಂಪಿನಲ್ಲೇ ಇದೆ. ಎಷ್ಟು ತಿನ್ನುತ್ತಾರೆ, ಎಷ್ಟು ವರ್ಷ ತಿನ್ನುತ್ತಾರೆ, ಹೊಗೆಸೊಪ್ಪು ಸೇರಿಸುತ್ತಾರಾ ಎಂಬುದರ ಮೇಲೆ ಅಪಾಯ ಏರಿಳಿಯುತ್ತದೆ. ಬೇರೆ ಬಳಕೆಗಳಿಗೆ ಸಂಶೋಧನೆ ಬೇಕು, ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕು ಅಂತ ಗಟ್ಟಿಯಾಗಿ ಕೇಳಬಹುದು. ವರದಿಯೇ ಸುಳ್ಳು ಎಂದುಬಿಟ್ಟರೆ ಇದನ್ನೆಲ್ಲ ಕೇಳುವ ಬಲ ಹೋಗುತ್ತದೆ.

ಇದರ ಇನ್ನೊಂದು ಮಗ್ಗುಲು ನೋಡಿ. ಟವರಿನ ಬಗ್ಗೆ ಹೆದರುವವರನ್ನು "ವಿಜ್ಞಾನ ಗೊತ್ತಿಲ್ಲದವರು" ಅಂತ ಹೀಯಾಳಿಸಬೇಡಿ, ಕಾಸರಗೋಡಿನಲ್ಲಂತೂ ಬೇಡವೇ ಬೇಡ. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ವರ್ಷಗಟ್ಟಲೆ ಜನ ಕೇಳಿದ್ದು "ಏನೂ ಆಗುವುದಿಲ್ಲ" ಎಂಬ ಉತ್ತರವನ್ನೇ. ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ. ಅದರಿಂದ ನರಳಿದ ಎಣ್ಮಕಜೆ ಪಂಚಾಯತಿನ ಮನೆಗಳನ್ನು ನೋಡಿದವರಿಗೆ "ತಜ್ಞರು ಹೇಳಿದ್ದಾರೆ" ಎಂಬ ಒಂದು ಮಾತು ಸಾಲುವುದಿಲ್ಲ. ಅವರಿಗೆ ಬೇಕಾದ್ದು ತಾವೇ ನೋಡಬಹುದಾದ ಲೆಕ್ಕ. ಅದು ಉಂಟು. ಟವರಿನ ತರಂಗಕ್ಕೆ ನಮ್ಮ ದೇಶದ ಮಿತಿ 2012ರಿಂದ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. ನಿಮ್ಮ ಊರಿನ ಟವರ್ ಆ ಮಿತಿಯೊಳಗೆ ಇದೆಯಾ ಅಂತ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ ಪೋರ್ಟಲಿನಲ್ಲಿ ಹುಡುಕಬಹುದು. "ಅಕ್ಕ, ನಮ್ಮ ವಾರ್ಡಿನ ಟವರಿನದ್ದು ಒಟ್ಟಿಗೆ ನೋಡುವ" ಅಂತ ಬರೆದರೆ ಆಗುವ ಕೆಲಸ, ಹತ್ತು ವಿಡಿಯೋ ಕಳಿಸಿದರೂ ಆಗುವುದಿಲ್ಲ.

6. ಸಿನಿಮಾ, ಹಾಡು, ದೈವ

2022ರಲ್ಲಿ ಕಾಂತಾರ ಬಂದಾಗ ಅದರ ಒಂದು ಹಾಡು ತಮ್ಮ ಹಾಡಿನ ನಕಲು ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ಆ ಅಕ್ಟೋಬರಿನಲ್ಲಿ ಕೋಯಿಕ್ಕೋಡಿನ ಕೋರ್ಟು ಹಾಡಿನ ಬಳಕೆಗೆ ತಾತ್ಕಾಲಿಕ ತಡೆ ಕೊಟ್ಟಿತು. ನಮ್ಮ ಗ್ರೂಪುಗಳಲ್ಲಿ ಅದು ಕನ್ನಡಿಗರು, ಮಲಯಾಳಿಗಳ ಯುದ್ಧವೇ ಆಯಿತು. ಅಲ್ಲಿದ್ದದ್ದು ಮೂರು ಬೇರೆ ಬೇರೆ ಪ್ರಶ್ನೆ. ಕೇಳಲು ಒಂದೇ ಥರ ಇದೆಯಾ? ಇದು ಕಿವಿಗೆ ಬಿಟ್ಟದ್ದು. ರಾಗ ಒಂದೇ ಆದದ್ದರಿಂದ ಹಾಗೆ ಕೇಳುತ್ತದಾ? ಇದನ್ನು ಸಂಗೀತ ಕಲಿತವರು ಬಿಡಿಸಿ ಹೇಳಬಲ್ಲರು. ರಾಗ ಯಾರ ಸೊತ್ತೂ ಅಲ್ಲ. ಕಾಪಿರೈಟ್ ಮುರಿದಿದೆಯಾ? ಅದು ಕೋರ್ಟಿನ ಕೆಲಸ. ತಾತ್ಕಾಲಿಕ ತಡೆ ಕೊನೆಯ ತೀರ್ಪೂ ಅಲ್ಲ. ನೀವು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ ಅಂತ ಮೊದಲ ಸಾಲಿನಲ್ಲೇ ಬರೆಯಿರಿ.

ಕಲೆಕ್ಷನ್ ವಾದಕ್ಕೆ ನನ್ನಲ್ಲಿ ಜಾಸ್ತಿ ಹೇಳಲು ಇಲ್ಲ. ಗ್ರಾಸ್ ಅಂದರೆ ಟಿಕೆಟಿನ ಒಟ್ಟು ದುಡ್ಡು, ನೆಟ್ ಅಂದರೆ ತೆರಿಗೆ ಕಳೆದದ್ದು, ಶೇರ್ ಅಂದರೆ ಥಿಯೇಟರಿನ ಪಾಲೂ ಕಳೆದದ್ದು. ಒಂದು ಸಿನಿಮಾದ ಗ್ರಾಸನ್ನು ಇನ್ನೊಂದರ ನೆಟ್ ಜೊತೆ ಹೋಲಿಸಬೇಡಿ.

ದೈವದ ಮಾತು ಬಂದರೆ ನಿಧಾನ ಮಾಡಿ. ತುಳುವರ ಕೋಲವೂ ಮಲಯಾಳಿಗಳ ತೆಯ್ಯವೂ ಎರಡೂ ನಡೆಯುವ ಜಿಲ್ಲೆ ನಮ್ಮದು. ಪರದೆಯ ಮೇಲೆ ಅದನ್ನು ತೋರಿಸಿದ ರೀತಿ ಸರಿಯಾ ಅಂತ ಚರ್ಚಿಸಬಹುದು. ಮನೆಯವರ ನಂಬಿಕೆಯನ್ನು ಎಳೆದು ತರಬೇಡಿ. ಆ ಗ್ರೂಪಿನಲ್ಲಿ ಕಟ್ಟು ಕಟ್ಟಳೆ ನಡೆಸುವ ಕುಟುಂಬದವರೂ ಓದುತ್ತಿರುತ್ತಾರೆ.

7. ಬರೆಯುವ ರೀತಿ

ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ತುಳು, ಮಲಯಾಳ ಮನೆಮಾತಿನವರು ಬೇರೆಯೇ ಥರ ಓದಿಬಿಡುತ್ತಾರೆ. ಉದ್ದದ ವಾಯ್ಸ್ ಮೆಸೇಜ್ ಬೇಡ, ಅದರಲ್ಲಿ ಯಾವ ಮಾತಿಗೆ ಉತ್ತರ ಅಂತ ತೋರಿಸಲು ಆಗುವುದಿಲ್ಲ. ಮಲಯಾಳಿಗಳ ಗ್ರೂಪಿನಲ್ಲಿ ಯಂತ್ರದ ಅನುವಾದ ಹಾಕಬೇಕಾಗಿ ಬಂದರೆ ವಾಕ್ಯ ಚಿಕ್ಕದಿರಲಿ, ಗಾದೆ ಬೇಡ.

ಹಿರಿಯರು ತಪ್ಪು ಹಾಕಿದರೆ ಎಲ್ಲರ ಎದುರು ತಿದ್ದಬೇಡಿ. "ಮಾಸ್ಟ್ರೇ, ಈ ಲಿಂಕ್ ಒಮ್ಮೆ ನೋಡಿ, ಹಳೆಯದು ಅಂತ ಕಾಣುತ್ತದೆ" ಅಂತ ಅವರ ನಂಬರಿಗೇ ಕಳಿಸಿ. ಅವರೇ ಅಳಿಸಿಬಿಡುತ್ತಾರೆ. ವಾಟ್ಸ್ಯಾಪಿನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು, ಸುಮಾರು ಎರಡು ದಿನದವರೆಗೆ ಎಲ್ಲರಿಗೂ ಅಳಿಸಬಹುದು. ಇದು ಎಷ್ಟೋ ಹಿರಿಯರಿಗೆ ಗೊತ್ತಿಲ್ಲ, ಹೇಳಿಕೊಡಿ. ತಪ್ಪು ಪ್ರಮಾಣದ ಕೀಟನಾಶಕದಂಥ ಅಪಾಯದ ಮಾಹಿತಿ ಆದರೆ ಮಾತ್ರ ಕಾಯಬೇಡಿ, ಗ್ರೂಪಿನಲ್ಲೇ ಕೂಡಲೇ ಹಾಕಿ.

8. ನಿಲ್ಲಿಸುವುದು ಯಾವಾಗ?

ಅದೇ ಮಾತು ಎರಡನೇ ಸಲ ಬಂದರೆ ಹೊಸ ಲೆಕ್ಕ ಏನೂ ಉಳಿದಿಲ್ಲ ಅಂತ ಅರ್ಥ. "ನನ್ನ ಮಾತು ಇಷ್ಟು, ದಾಖಲೆ ಸಿಕ್ಕಿದರೆ ಮತ್ತೆ ಹಾಕುತ್ತೇನೆ" ಅಂತ ಬರೆದು ನಿಲ್ಲಿಸಿ. ಯಾರಾದರೂ "ನೀನು ಯಾವ ರಾಜ್ಯದವನು?" ಅಂತ ಕೇಳಿದ ಕೂಡಲೇ ವಿಷಯ ಪಕ್ಕಕ್ಕೆ ಹೋಯಿತು. ಅದಕ್ಕೆ ಉತ್ತರ ಕೊಡದೆ ಮೊದಲ ಪ್ರಶ್ನೆಯನ್ನು ಇನ್ನೊಮ್ಮೆ ಹಾಕಿ. ಭಾಷೆಯ ಹಕ್ಕು, ಶಾಲೆ, ರಾಜ್ಯಗಳ ಗಡಿ ಕುರಿತ ಮಹಾಜನ ವರದಿ ಇವೆಲ್ಲ ನಿಜವಾದ ವಿಷಯಗಳೇ. ಅವುಗಳಿಗೆ ಬೇರೆ ದಿನ, ಬೇರೆ ಚರ್ಚೆ ಬೇಕು. ಪೆಟ್ರೋಲಿನ ಜಗಳದ ಬಾಲಕ್ಕೆ ಅವನ್ನು ಕಟ್ಟಿದರೆ ಆ ವಿಷಯಗಳಿಗೇ ನಷ್ಟ.

ನೀವು ಅಡ್ಮಿನ್ ಆಗಿದ್ದರೆ, ರಾತ್ರಿ ಜಗಳ ಏರಿದಾಗ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ, ಬೆಳಿಗ್ಗೆ ತೆರೆಯಿರಿ. ಸದಸ್ಯರು ಹಾಕಿದ ಕೆಟ್ಟ ಪೋಸ್ಟಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಅಂತ ಕೇರಳ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿದೆ. ಹಾಗಾಗಿ ಹೆದರಿ ಗ್ರೂಪು ಮುಚ್ಚಬೇಕಾಗಿಲ್ಲ. ಬರೆದವರ ಹೊಣೆ ಮಾತ್ರ ಬರೆದವರದ್ದೇ. ಆನ್‌ಲೈನಿನ ಆಕ್ಷೇಪಾರ್ಹ ಬರಹಕ್ಕೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದು ಮಾಡಿದ್ದು ನಿಜ. ಮಾನಹಾನಿಗೆ, ಬೆದರಿಕೆಗೆ, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ ಬೇರೆ ಕಾನೂನುಗಳಿವೆ. ಯಾರಾದರೂ ನಿಮಗೆ ಬೆದರಿಕೆ ಹಾಕಿದರೆ ಉತ್ತರ ಬರೆಯಬೇಡಿ. ಅವರು ಅಳಿಸುವ ಮೊದಲೇ ನಂಬರು, ದಿನ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅದನ್ನು ಹತ್ತಿರದ ಠಾಣೆಗೆ ಕೊಡಿ, ಇಲ್ಲವೇ ಕೇಂದ್ರದ ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ಹಾಕಿ. 1930ಕ್ಕೆ ಫೋನ್ ಮಾಡುವುದು ಆನ್‌ಲೈನಿನಲ್ಲಿ ದುಡ್ಡು ಹೋದಾಗ.